ಡ್ರೌಗಳ ಚರಿತ್ರೆ ಪುಸ್ತಕಕ್ಕೊಂದು ಥರ: ನನ್ನ ಆಟಕ್ಕೆ ಯಾವುದನ್ನು ಹಿಡಿಯಲಿ?

ಪ್ರಶ್ನೆ: ಮೇಜಿನ ಸುತ್ತ ಕೂತು ಪಾತ್ರ ವಹಿಸಿ ಆಡುವ ಡಂಜನ್ಸ್ ಅಂಡ್ ಡ್ರಾಗನ್ಸ್‌ನ ಫರ್ಗಾಟನ್ ರೆಲ್ಮ್ಸ್ ಲೋಕದಲ್ಲಿ ಮೊದಲ ಸಲ ಡಿಎಂ (ಡಂಜನ್ ಮಾಸ್ಟರ್, ಅಂದರೆ ಕಥೆ ನಡೆಸುವವರು) ಆಗಿ ಆಟ ನಡೆಸಲು ಹೊರಟಿದ್ದೇನೆ. ಆಟಗಾರರಲ್ಲಿ ಇಬ್ಬರಿಗೆ ಡ್ರೌ ಪಾತ್ರವೇ ಬೇಕು; ಡ್ರೌ ಎಂದರೆ ಎಲ್ಫ್ ಎಂಬ ಕಾಲ್ಪನಿಕ ಜನಾಂಗದಲ್ಲಿ ನೆಲದಡಿ ಬದುಕುವ ಕಪ್ಪು ಎಲ್ಫ್‌ಗಳು. ಒಬ್ಬರು ಬಾಲ್ಡರ್ಸ್ ಗೇಟ್ 3 ಎಂಬ ವಿಡಿಯೊ ಗೇಮ್ ಆಡಿ ಬಂದವರು, ಇನ್ನೊಬ್ಬರು ಡ್ರಿಜ್ಟ್ ಎಂಬ ಡ್ರೌ ನಾಯಕನ ಕಾದಂಬರಿಗಳನ್ನು ಓದಿದವರು. ನನ್ನ ಕೈಲಿರುವುದು ಆಟಗಾರರ ನಿಯಮಪುಸ್ತಕವಾದ 2014ರ ಪ್ಲೇಯರ್ಸ್ ಹ್ಯಾಂಡ್‌ಬುಕ್. ಡ್ರೌಗಳು ಶಾಪ ಹೊತ್ತ ಹುಟ್ಟಾ ದುಷ್ಟರು ಎಂದು ಒಂದು ಕಡೆ ಇದ್ದರೆ, ಡ್ರೌಗಳಲ್ಲಿ ಮೂರು ಪಂಗಡಗಳಿವೆ, ದುಷ್ಟರು ಒಂದು ಪಂಗಡ ಮಾತ್ರ ಎಂದು ಇನ್ನೊಂದು ಕಡೆ ಇದೆ. ಏಲಿಸ್ಟ್ರೇ ದೇವತೆ ಸತ್ತಳು ಎನ್ನುತ್ತಾರೆ ಒಬ್ಬರು, ಇದ್ದಾಳೆ ಎನ್ನುತ್ತಾರೆ ಇನ್ನೊಬ್ಬರು. ಬಿಸಿಲಿನ ನಿಯಮದಲ್ಲೂ ಒಮ್ಮತವಿಲ್ಲ. ಯಾವುದು ಸರಿ?

ಉತ್ತರ: ನೀವು ಕೇಳಿದ್ದೆಲ್ಲವೂ ಯಾವುದಾದರೊಂದು ಅಧಿಕೃತ ಪುಸ್ತಕದಲ್ಲಿ ಇದೆ. ಆದರೆ ಆ ಪುಸ್ತಕಗಳು ಅಚ್ಚಾದ ವರ್ಷಗಳು ಬೇರೆ, ಅವು ಹೇಳುವ ಕಥೆ ಆ ಲೋಕದಲ್ಲಿ ನಡೆದ ವರ್ಷಗಳು ಬೇರೆ. ಈ ಎರಡನ್ನೂ ಬಿಡಿಸಿ ನೋಡಿದರೆ ಗೊಂದಲದ ಬಹುಪಾಲು ತಾನಾಗಿ ಕರಗುತ್ತದೆ. ಕೊನೆಗೆ ಉಳಿಯುವ ನಿಜವಾದ ವಿರೋಧ ಒಂದೇ: ಡ್ರೌಗಳ ಕ್ರೌರ್ಯ ಅವರ ರಕ್ತದಲ್ಲಿದೆಯೋ, ಅವರು ಬೆಳೆದ ಊರಿನಲ್ಲಿದೆಯೋ? ಇದಕ್ಕೆ ಪುಸ್ತಕಗಳೆಲ್ಲ ಸೇರಿ ಒಂದೇ ಉತ್ತರ ಕೊಡುವುದಿಲ್ಲ. ಆಟ ಶುರುವಾಗುವ ಮೊದಲೇ ಅದನ್ನು ನೀವು ತೀರ್ಮಾನಿಸಬೇಕು. ನನ್ನ ಒಲವು ಸ್ಪಷ್ಟವಾಗಿ ಊರಿನ ಕಡೆಗೆ.

ಮೊದಲು ಅಚ್ಚಿನ ಕ್ರಮ ನೋಡೋಣ. 1977ರಲ್ಲಿ ಬಂದ ಶತ್ರುಜೀವಿಗಳ ವಿವರಪುಸ್ತಕ ಮಾನ್ಸ್ಟರ್ ಮ್ಯಾನುಯಲ್‌ನಲ್ಲಿ ಡ್ರೌಗಳಿಗೆ ಸಿಕ್ಕಿದ್ದು ಎಲ್ಫ್‌ಗಳ ವಿವರದ ನಡುವೆ ಒಂದು ಸಣ್ಣ ಪ್ರಸ್ತಾಪ ಅಷ್ಟೇ. 1978ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಬರೆದ ಸಾಹಸಗಳ ಸರಣಿಯಲ್ಲಿ ಅವರು ದೈತ್ಯರನ್ನು ಹಿಂದಿನಿಂದ ಆಡಿಸುವ ಶತ್ರುಗಳಾಗಿ ಕಾಣಿಸಿಕೊಂಡರು. ಆ ಸರಣಿ ನಡೆಯುವುದು ಗ್ರೇಹಾಕ್ ಲೋಕದಲ್ಲಿ, ಎರೆಲ್ಹೈ-ಸಿನ್ಲು ಎಂಬ ನೆಲದಡಿಯ ನಗರದ ಸುತ್ತ. ಅಲ್ಲಿ ಡ್ರೌಗಳು ಪೂಜಿಸುವ ಲೋಲ್ತ್ ಒಬ್ಬ ಡೀಮನ್ (ರಾಕ್ಷಸ) ರಾಣಿ. ಡ್ರೌಗಳೆಲ್ಲ ಅವಳ ಭಕ್ತರೂ ಅಲ್ಲ: ಎಕ್ಲಾವ್ದ್ರಾ ಎಂಬ ಅರ್ಚಕಿಯ ಮನೆತನ ಬೇರೊಂದು ಪುರಾತನ ಶಕ್ತಿಯನ್ನು ಪೂಜಿಸುತ್ತಿತ್ತು. ಎಲ್ಲ ಡ್ರೌಗಳದ್ದೂ ಒಂದೇ ಮತ ಎಂಬ ಚಿತ್ರ ಮೊದಲ ಪದರದಲ್ಲೇ ಇರಲಿಲ್ಲ ಎಂಬುದನ್ನು ಗಮನಿಸಿ.

1985ರಿಂದ ಆಟಗಾರರೂ ಡ್ರೌ ಆಗಬಹುದಾಯಿತು. 1988ರಲ್ಲಿ ಆರ್. ಎ. ಸಾಲ್ವಟೋರ್ ಅವರ ಡ್ರಿಜ್ಟ್ ಬಂದ. 1990ರ ಕಾದಂಬರಿ ಅವನ ಹುಟ್ಟೂರು ಮೆಂಜೊಬೆರಾಂಜನ್ ಅನ್ನು ಬೀದಿ ಬೀದಿಯಾಗಿ ತೋರಿಸಿತು. 1991ರಲ್ಲಿ ಎಡ್ ಗ್ರೀನ್‌ವುಡ್ ಬರೆದ ಆಟದ ಪುಸ್ತಕ ಏಲಿಸ್ಟ್ರೇಯನ್ನು ತಂದಿತು: ಬೆಳದಿಂಗಳಲ್ಲಿ ಕತ್ತಿ ಹಿಡಿದು ಕುಣಿಯುವ, ಡ್ರೌಗಳನ್ನು ಮತ್ತೆ ನೆಲದ ಮೇಲೆ ಬದುಕಲು ಕರೆಯುವ ದೇವತೆ. ಹಾಗಾಗಿ ಒಳ್ಳೆಯ ಡ್ರೌಗಳು ಈಚೆಗೆ ತುರುಕಿದ ಸರಕು ಎಂಬ ಮಾತು ತಪ್ಪು. ಡ್ರೌಗಳ ಚರಿತ್ರೆಯ ಮೊದಲ ಹದಿನೈದು ವರ್ಷಗಳಲ್ಲೇ ಅವರು ಇದ್ದರು.

ಇನ್ನು ಲೋಕದೊಳಗಿನ ಇತಿಹಾಸ. ಅಲ್ಲಿನ ಕಾಲಗಣನೆಯನ್ನು ಡೇಲ್‌ರೆಕನಿಂಗ್ ಎನ್ನುತ್ತಾರೆ, ಚಿಕ್ಕದಾಗಿ ಡಿಆರ್. ಎಲ್ಫ್ ರಾಜ್ಯಗಳ ನಡುವೆ ಸುಮಾರು ಮೂರು ಸಾವಿರ ವರ್ಷ ಐದು ಕ್ರೌನ್ ಯುದ್ಧಗಳು ನಡೆದವು. ಅವುಗಳಲ್ಲಿ ಕೈ ರಕ್ತ ಮಾಡಿಕೊಂಡವರಲ್ಲಿ ದಕ್ಷಿಣದ ಇಲಿಥೀರ್ ರಾಜ್ಯದ ಕಪ್ಪು ಎಲ್ಫ್‌ಗಳು ಮುಂಚೂಣಿಯಲ್ಲಿದ್ದರು. ಡಿಆರ್ ಪೂರ್ವ ಸುಮಾರು 10,000ದಲ್ಲಿ ಎಲ್ಫ್ ಮಹಾಮಾಂತ್ರಿಕರು ಮತ್ತು ಅರ್ಚಕರ ಮೂಲಕ ಎಲ್ಫ್‌ಗಳ ದೇವರು ಕೊರೆಲಾನ್‌ನ ಶಾಪ ಅವರ ಮೇಲೆ ಬಿತ್ತು, ಅವರು ಅಂಡರ್‌ಡಾರ್ಕ್ ಎಂಬ ನೆಲದಡಿಯ ಲೋಕಕ್ಕೆ ಇಳಿದರು. ಇಲ್ಲಿ ಬಹಳ ಜನ ಎಡವುತ್ತಾರೆ: ಮೈಬಣ್ಣವೇ ಶಾಪದ ಗುರುತು ಎಂದುಕೊಳ್ಳುತ್ತಾರೆ. ನಿಮ್ಮ 2014ರ ಪುಸ್ತಕದಲ್ಲೇ ನೋಡಿ, ಡ್ರೌಗಳು ಮೊದಲೇ ಕಪ್ಪು ಮೈಬಣ್ಣ ಇದ್ದ ಎಲ್ಫ್‌ಗಳಿಂದ ಬಂದವರು ಎಂದಿದೆ. ಲೋಲ್ತ್‌ಳನ್ನು ಹಿಂಬಾಲಿಸಿದ್ದಕ್ಕೆ ಅವರಿಗೆ ಸಿಕ್ಕ ಶಿಕ್ಷೆ ಎಂದು ಅದು ಹೇಳುವುದು ಗಡೀಪಾರನ್ನು.

ಇದರ ಪಕ್ಕದಲ್ಲೇ ಇನ್ನೂ ಹಳೆಯ ಒಂದು ಪುರಾಣವಿದೆ. ಲೋಲ್ತ್ ಮೊದಲು ಅರೌಶ್ನೀ ಎಂಬ ಹೆಸರಿನಲ್ಲಿ ಕೊರೆಲಾನ್‌ನ ಸಂಗಾತಿಯಾಗಿದ್ದಳು, ಏಲಿಸ್ಟ್ರೇ ಮತ್ತು ವೇರಾನ್ ಅವರ ಮಕ್ಕಳು, ದ್ರೋಹ ಬಯಲಾದ ಮೇಲೆ ಅವಳು ಹೊರದೂಡಲ್ಪಟ್ಟಳು. 2018ರಲ್ಲಿ ಬಂದ, ಆಟದ ಐದನೇ ಆವೃತ್ತಿಯ (ನಿಮ್ಮ 2014ರ ಪುಸ್ತಕವೂ ಇದರದ್ದೇ) ಪುಸ್ತಕವೊಂದು ದೇವತೆಗಳ ಈ ಜಗಳಕ್ಕೇ ಹೆಚ್ಚು ಒತ್ತು ಕೊಟ್ಟು ಎಲ್ಫ್‌ಗಳ ಒಡಕನ್ನು ಅಲ್ಲಿಂದಲೇ ಎಳೆಯುತ್ತದೆ. ಎರಡರಲ್ಲಿ ಒಂದನ್ನೇ ಆರಿಸಬೇಕೆಂದಿಲ್ಲ. ಪುರಾಣವನ್ನು ಅರ್ಚಕರ ಬಾಯಲ್ಲಿಡಿ, ಯುದ್ಧದ ಕಥೆಯನ್ನು ಗ್ರಂಥಾಲಯದ ಎಲ್ಫ್ ವಿದ್ವಾಂಸರ ಬಾಯಲ್ಲಿಡಿ. ಯುದ್ಧ ಗೆದ್ದವರ ಕಡೆಯ ವಿದ್ವಾಂಸರು ಮತ್ತು ಲೋಲ್ತ್‌ಳ ಅರ್ಚಕಿಯರು ಒಂದೇ ಘಟನೆಯನ್ನು ಒಂದೇ ಥರ ಹೇಳಿದರೆ ಅದೇ ಅಸಹಜ.

ಏಲಿಸ್ಟ್ರೇ ಸತ್ತದ್ದೂ ನಿಜ, ಈಗ ಇರುವುದೂ ನಿಜ. 1372 ಡಿಆರ್‌ನಲ್ಲಿ ಲೋಲ್ತ್ ಇದ್ದಕ್ಕಿದ್ದಂತೆ ಮೌನವಾದಳು. ಅರ್ಚಕಿಯರ ಮಂತ್ರಗಳು ನಿಂತುಹೋದವು, ಕಲ್ಲಾದ ಜೇಡರ ಬಲೆಗಳ ಮೇಲೆ ಕಟ್ಟಿದ್ದ ಚೆಡ್ ನಸಾಡ್ ನಗರ ಉರಿದು ಕುಸಿಯಿತು. ಲೋಲ್ತ್ ಹೆಚ್ಚು ಬಲವಾಗಿ ಮರಳಿದಳು. ಬಳಿಕ ನಡೆದ ದೇವತೆಗಳ ಕಾಳಗದಲ್ಲಿ ವೇರಾನ್, ಆಮೇಲೆ ಏಲಿಸ್ಟ್ರೇ ಸತ್ತರು. ಈ ಕಥೆ 2007 ಮತ್ತು 2008ರ ಕಾದಂಬರಿಗಳದ್ದು. 2008ರ ನಾಲ್ಕನೇ ಆವೃತ್ತಿ ಲೋಕವನ್ನು 1479 ಡಿಆರ್‌ಗೆ ಒಯ್ದು, ಡ್ರೌಗಳಿಗೆ ಹೆಚ್ಚೂಕಡಿಮೆ ಲೋಲ್ತ್ ಒಬ್ಬಳನ್ನೇ ಉಳಿಸಿತು. ಓದುಗರಿಗೆ ಇದು ಹಿಡಿಸಲಿಲ್ಲ, ಅದಕ್ಕೆ ಕಾರಣವೂ ಇತ್ತು: ಲೋಲ್ತ್‌ಗೆ ಎದುರಾಳಿ ಇಲ್ಲದ ಮೇಲೆ ಡ್ರೌ ಕಥೆಗಳಲ್ಲಿ ಆಯ್ಕೆಯೇ ಉಳಿಯುವುದಿಲ್ಲ. ಐದನೇ ಆವೃತ್ತಿಯಲ್ಲಿ, 1480ರ ದಶಕದ ಸಂಡರಿಂಗ್ ಎಂಬ ಪಲ್ಲಟದೊಂದಿಗೆ ಏಲಿಸ್ಟ್ರೇ, ವೇರಾನ್ ಇಬ್ಬರೂ ಮರಳಿದರು. ಬಾಲ್ಡರ್ಸ್ ಗೇಟ್ 3 ನಡೆಯುವುದು 1492ರಲ್ಲಿ. ನೀವೂ ಅದೇ ವರ್ಷ ಇಟ್ಟುಕೊಳ್ಳಿ. ಏಲಿಸ್ಟ್ರೇ ಭಕ್ತೆಯ ಪಾತ್ರಕ್ಕೆ ಯಾವ ಅಡ್ಡಿಯೂ ಇರುವುದಿಲ್ಲ. 1400ರ ಸುಮಾರಿನಲ್ಲಿ ಆಟ ಇಟ್ಟರೆ ಅದೇ ಪಾತ್ರಕ್ಕೆ ಮಂತ್ರ ಕೊಡುವವರು ಯಾರು ಎಂಬ ಪ್ರಶ್ನೆ ಮೊದಲ ದಿನವೇ ಎದುರಾಗುತ್ತದೆ.

ಈಗ ರಕ್ತವೋ ಊರೋ ಎಂಬ ಮಾತಿಗೆ ಬರುತ್ತೇನೆ. ರಕ್ತದ ಪಕ್ಷದ ಅತಿ ಸ್ಪಷ್ಟ ರೂಪ ಇರುವುದು ಮೇಲೆ ಹೇಳಿದ 2007–08ರ ಕಾದಂಬರಿಗಳಲ್ಲೇ. ವೆಂಡೊನಾಯ್ ಎಂಬ ಡೀಮನ್‌ನ ಕಲೆ ಡ್ರೌಗಳ ರಕ್ತದಲ್ಲಿ ಬೆರೆತಿದೆ, ಅದು ಅಂಟದ ಕೆಲವರು ಮಹಾಮಂತ್ರದಿಂದ ಮತ್ತೆ ಕಂದು ಮೈಬಣ್ಣದ ಕಪ್ಪು ಎಲ್ಫ್‌ಗಳಾದರು ಎನ್ನುತ್ತವೆ ಅವು. ಅಂದರೆ ಒಳ್ಳೆಯವರಾದರೆ ಮೈಬಣ್ಣ ತಿಳಿಯಾಗುತ್ತದೆ ಎಂದಾಯಿತು. ಇಡೀ ಡ್ರೌ ಚರಿತ್ರೆಯಲ್ಲಿ ನಾನು ಖಂಡಿತವಾಗಿ ಕೈಬಿಡಿ ಎಂದು ಹೇಳುವ ಭಾಗ ಇದೊಂದೇ.

ಊರಿನ ಪಕ್ಷಕ್ಕೆ ಸಾಕ್ಷಿ ಮೆಂಜೊಬೆರಾಂಜನ್ ತಾನೇ. ಅಲ್ಲಿ ಎಂಟು ಮನೆತನಗಳ ಮಾತೃಮುಖ್ಯರ ಆಳುವ ಸಭೆ ಇದೆ. ಮೊದಲ ಮನೆತನ ಬೇನ್ರೆ. ಒಂದು ಮನೆತನ ಇನ್ನೊಂದನ್ನು ಅಳಿಸಿಹಾಕಬಹುದು, ಆದರೆ ದೂರು ಕೊಡಲು ಆ ಮನೆಯ ಒಬ್ಬ ಕುಲೀನನೂ ಬದುಕಿ ಉಳಿಯಬಾರದು. ಉಳಿದರೆ ದಾಳಿ ಮಾಡಿದವರಿಗೇ ಶಿಕ್ಷೆ. ಮೂರನೆಯ ಮಗನನ್ನು ಲೋಲ್ತ್‌ಗೆ ಬಲಿ ಕೊಡುವ ಪದ್ಧತಿ ಇದೆ. ಡ್ರಿಜ್ಟ್ ಉಳಿದದ್ದು ಯಾರ ಕರುಣೆಯಿಂದಲೂ ಅಲ್ಲ. ಅವನು ಹುಟ್ಟಿದ ರಾತ್ರಿಯೇ ಅಣ್ಣಂದಿರಲ್ಲಿ ಒಬ್ಬ ಇನ್ನೊಬ್ಬನನ್ನು ಕೊಂದ, ಮಗು ಲೆಕ್ಕದಲ್ಲಿ ಎರಡನೆಯ ಮಗನಾಯಿತು. ಇನ್ನು ಅಕಾಡೆಮಿ: ಯೋಧರಿಗೆ ಮೆಲೀ-ಮಾಗ್ತಿಯರ್, ಮಾಂತ್ರಿಕರಿಗೆ ಸೋರ್ಸಿಯರ್, ಅರ್ಚಕಿಯರಿಗೆ ಅರಾಕ್-ಟಿನಿಲಿತ್. ಯೋಧರ ತರಬೇತಿ ಹತ್ತು ವರ್ಷ, ಮಾಂತ್ರಿಕರದ್ದು ಮೂವತ್ತು, ಅರ್ಚಕಿಯರದ್ದು ಐವತ್ತು. ಅಲ್ಲಿ ಕತ್ತಿ ಮತ್ತು ಮಂತ್ರದಷ್ಟೇ ಶ್ರದ್ಧೆಯಿಂದ ಕಲಿಸುವುದು ನೆಲದ ಮೇಲಿನ ಎಲ್ಫ್‌ಗಳ ಬಗ್ಗೆ ದ್ವೇಷವನ್ನು. ಕ್ರೌರ್ಯ ಹುಟ್ಟಿನಿಂದಲೇ ಬರುವುದಾದರೆ ಇಷ್ಟು ಉದ್ದದ ಶಿಕ್ಷಣ, ಇಷ್ಟು ಚಾಟಿ, ಇಷ್ಟು ಬಲಿ ಯಾಕೆ ಬೇಕಿತ್ತು? ರಕ್ತದ ಪಕ್ಷದವರು ಈ ಪ್ರಶ್ನೆಗೆ ಉತ್ತರ ಕೊಟ್ಟಿದ್ದನ್ನು ನಾನು ಕಂಡಿಲ್ಲ.

ಆಟದ ಮೇಜಿನಲ್ಲೂ ಇದರ ಪರಿಣಾಮ ನೇರವಾಗಿ ಕಾಣುತ್ತದೆ. ರಕ್ತದ ತೀರ್ಮಾನ ಇಟ್ಟುಕೊಂಡರೆ ಸೆರೆಸಿಕ್ಕ ಡ್ರೌ ಸೈನಿಕನ ಜತೆ ಮಾತಾಡಲು ಯಾರಿಗೂ ಕಾರಣವಿರುವುದಿಲ್ಲ, ಕತ್ತು ಕತ್ತರಿಸಿ ಮುಂದೆ ಹೋಗುತ್ತಾರೆ. ನಿಮ್ಮ ಇಬ್ಬರು ಆಟಗಾರರು ಮಾತ್ರ ವಿವರಣೆಯಿಲ್ಲದ ಅಪವಾದಗಳಾಗುತ್ತಾರೆ. ಊರಿನ ತೀರ್ಮಾನ ಇಟ್ಟುಕೊಂಡರೆ ಅದೇ ಸೈನಿಕ ಒಂಬತ್ತನೇ ಮನೆತನದ ಸೋತ ಮಗ, ಹಿಂದಿರುಗಿದರೆ ಸಾವು ಖಚಿತ, ಮಾರಲು ಅವನ ಬಳಿ ಸುದ್ದಿ ಇದೆ. ಬ್ರೆಗನ್ ಡಿಏರ್ತೆ ಎಂಬ ಬಾಡಿಗೆ ಪಡೆ ಮತ್ತು ಅದರ ನಾಯಕ ಜಾರ್ಲಾಕ್ಸಲ್ ಬದುಕುವುದೇ ಇಂಥವರನ್ನು ಒಟ್ಟುಗೂಡಿಸಿ.

ಪ್ರಕಾಶಕರಾದ ವಿಝರ್ಡ್ಸ್ ಆಫ್ ದ ಕೋಸ್ಟ್ 2020ರ ಜೂನ್‌ನಲ್ಲಿ ಡ್ರೌ ಮತ್ತು ಓರ್ಕ್‌ಗಳ ಚಿತ್ರಣದ ಬಗ್ಗೆ ಹೇಳಿಕೆ ಕೊಟ್ಟಿದ್ದು ಇದೇ ಹಿನ್ನೆಲೆಯಲ್ಲಿ: ಒಂದು ಇಡೀ ಜನಾಂಗವನ್ನು ಕಪ್ಪು ಮೈಬಣ್ಣ ಮತ್ತು ಹುಟ್ಟಾ ದುಷ್ಟತನದ ಜೋಡಿಯಾಗಿ ತೋರಿಸುವುದು ನಿಜ ಲೋಕದ ಜನರನ್ನು ಹೀಗಳೆದ ರೀತಿಯನ್ನೇ ನೆನಪಿಸುತ್ತದೆ. ಆ ಟೀಕೆ ನ್ಯಾಯವಾದದ್ದು. 2021ರ ಡಿಸೆಂಬರ್‌ನ ತಿದ್ದುಪಡಿಗಳು ಪ್ಲೇಯರ್ಸ್ ಹ್ಯಾಂಡ್‌ಬುಕ್‌ನಲ್ಲಿ ಜನಾಂಗಗಳಿಗೆ ಇದ್ದ ಅಲೈನ್‌ಮೆಂಟ್ (ಒಳ್ಳೆಯವರೋ ಕೆಟ್ಟವರೋ ಎಂಬ) ಸೂಚನೆಗಳನ್ನು ತೆಗೆದವು. 2025ರ ಮಾನ್ಸ್ಟರ್ ಮ್ಯಾನುಯಲ್ ಡ್ರೌಗಳಿಗೆಂದೇ ಇದ್ದ ಶತ್ರು ವಿವರಗಳನ್ನು ಕೈಬಿಟ್ಟು, ಯೋಧ, ಅರ್ಚಕ ಎಂಬ ಸಾಮಾನ್ಯ ವಿವರಗಳನ್ನೇ ಬಳಸಿ ಎನ್ನುತ್ತದೆ.

ಮೂರು ಪಂಗಡಗಳ ಮಾತು 2021ರದ್ದು. ಮೆಂಜೊಬೆರಾಂಜನ್‌ನಂಥ ಊರುಗಳ, ಲೋಲ್ತ್ ಹಿಡಿತದಲ್ಲಿರುವವರು ಉಡಡ್ರೌ. ದೂರದ ಉತ್ತರದ ಹಿಮನದಿಯಲ್ಲಿ ಅಡಗಿರುವ ಕ್ಯಾಲಿಡೇ ನಗರದವರು ಏವೆನ್‌ಡ್ರೌ. ದಕ್ಷಿಣದ ಕಾಡುಗಳಲ್ಲಿರುವವರು ಲೋರೆನ್‌ಡ್ರೌ. ಕ್ಯಾಲಿಡೇಯಲ್ಲಿ ಡ್ವಾರ್ಫ್ ಮತ್ತು ಓರ್ಕ್ ಜನರೂ ಡ್ರೌಗಳ ಜತೆ ಬದುಕುತ್ತಾರೆ. ಕಥೆಯಾಗಿ ಇದು ಸೊಗಸು. ಲೋಲ್ತ್ ಇಲ್ಲದ ಕಡೆ ಡ್ರೌಗಳು ಹೇಗಿರುತ್ತಾರೆ ಎಂದು ತೋರಿಸಿ ಊರಿನ ಪಕ್ಷವನ್ನೇ ಗಟ್ಟಿ ಮಾಡುತ್ತದೆ. ಆದರೆ ನಿಮ್ಮ ಇಬ್ಬರಲ್ಲಿ ಯಾರಿಗೂ ಏವೆನ್‌ಡ್ರೌ ಪಾತ್ರ ಕೊಡಬೇಡಿ ಎನ್ನುತ್ತೇನೆ. ಆ ನಗರ ಸಾವಿರಾರು ವರ್ಷ ಹೊರಗಿನವರಿಗೆ ತಿಳಿಯದಂತೆ ಇತ್ತು, ಅಲ್ಲಿಂದ ದಾರಿಹೋಕನಂತೆ ಒಬ್ಬ ಬಂದರೆ ಕಥೆಯೆಲ್ಲ ಅದನ್ನು ವಿವರಿಸುವುದರಲ್ಲೇ ಕಳೆಯುತ್ತದೆ. ಜತೆಗೆ, ಒಳ್ಳೆಯವರೆಲ್ಲ ಬೇರೆ ಊರಿನವರು ಎಂದಾದರೆ ಮೆಂಜೊಬೆರಾಂಜನ್‌ನಲ್ಲಿ ಉಳಿದವರೆಲ್ಲ ಕೆಟ್ಟವರು ಎಂಬ ಹಳೆಯ ಮಾತೇ ಹಿಂಬಾಗಿಲಿನಿಂದ ಬರುತ್ತದೆ.

ಬಾಲ್ಡರ್ಸ್ ಗೇಟ್ 3ರಿಂದ ಬಂದವರಿಗೆ ಇನ್ನೊಂದು ಮಾತು ತಿಳಿಸಿ. ಆ ಆಟದಲ್ಲಿ ಕೇಳುವ ಲೋಲ್ತ್-ನಿಷ್ಠ ಡ್ರೌ, ಸೆಲ್ಡರೀನ್ (ಎಲ್ಫ್ ದೇವತೆಗಳ ಕಡೆಯ) ಡ್ರೌ ಎಂಬ ಎರಡು ಆಯ್ಕೆಗಳು ಪ್ರತ್ಯೇಕ ವಂಶಗಳಲ್ಲ. ಶಕ್ತಿಗಳು ಎರಡಕ್ಕೂ ಒಂದೇ. ಬದಲಾಗುವುದು ಕಣ್ಣಿನ ಬಣ್ಣ, ಮಾತಿನ ಆಯ್ಕೆಗಳು, ಜನ ನಡೆಸಿಕೊಳ್ಳುವ ರೀತಿ. ಅವರ ಪಾತ್ರದ ಹಾಳೆಯಲ್ಲಿ ಇವಿಷ್ಟು ಬರೆಸಿ: ಯಾವ ಊರು, ಯಾವ ಮನೆತನ ಅಥವಾ ಯಾವ ಮನೆತನದ ಆಳು, ಅಕಾಡೆಮಿಯಲ್ಲಿ ಎಷ್ಟು ವರ್ಷ, ಬಿಟ್ಟು ಬಂದದ್ದು ಯಾಕೆ, ಹುಡುಕುತ್ತಿರುವವರು ಯಾರು. ಕಾದಂಬರಿ ಓದಿದವರಿಗೆ ವರ್ಷ ನೆನಪಿಸಿ. ಡ್ರಿಜ್ಟ್ ಹುಟ್ಟಿದ್ದು 1297ರಲ್ಲಿ. ನಿಮ್ಮ ಆಟದ ಹೊತ್ತಿಗೆ ಸುಮಾರು ಇನ್ನೂರು ವರ್ಷ ಕಳೆದಿದೆ. ಬೇನ್ರೆ ಮನೆತನವನ್ನು ಬಿಟ್ಟರೆ ಅವರಿಗೆ ಗೊತ್ತಿರುವ ಶ್ರೇಯಾಂಕಗಳನ್ನು ನಂಬಿಕೊಂಡು ಕೂರುವಂತಿಲ್ಲ.

ಬೇರೆ ಲೋಕಗಳ ಡ್ರೌಗಳನ್ನು ಇದರೊಳಗೆ ಬೆರೆಸಬೇಡಿ. ಎಬೆರಾನ್‌ನಲ್ಲಿ ಅವರು ಜೆನ್‌ಡ್ರಿಕ್ ಖಂಡದವರು, ಹಲವರು ಪೂಜಿಸುವುದು ವುಲ್ಕೂರ್ ಎಂಬ ಚೇಳುದೇವರನ್ನು. ಡ್ರಾಗನ್‌ಲ್ಯಾನ್ಸ್‌ನಲ್ಲಿ ಡಾರ್ಕ್ ಎಲ್ಫ್ ಎಂದರೆ ತಮ್ಮವರಿಂದ ಬಹಿಷ್ಕೃತನಾದ ಯಾವುದೇ ಎಲ್ಫ್. ಪಾತ್‌ಫೈಂಡರ್ ಎಂಬ ಬೇರೆ ಆಟ 2023ರ ಪರಿಷ್ಕರಣೆಯಲ್ಲಿ ಡ್ರೌಗಳನ್ನೇ ಬಿಟ್ಟಿತು.

ನಿಯಮ ಬದಲಾದಾಗ ಚರಿತ್ರೆಯೂ ಸದ್ದಿಲ್ಲದೆ ಹೇಗೆ ಬದಲಾಗುತ್ತದೆ ಎಂಬುದಕ್ಕೆ ಮೆಂಜೊಬೆರಾಂಜನ್‌ನ ಗಡಿಯಾರ ನೋಡಿ. ನಾರ್ಬಾಂಡೆಲ್ ಒಂದು ದೊಡ್ಡ ಕಲ್ಲಿನ ಕಂಬ. ನಗರದ ಪ್ರಧಾನ ಮಾಂತ್ರಿಕ ಅದರ ಬುಡದಲ್ಲಿ ಮಂತ್ರದ ಬೆಂಕಿ ಹಾಕುತ್ತಾನೆ, ಶಾಖ ಗಂಟೆಗಂಟೆಗೂ ಕಂಬದಲ್ಲಿ ಮೇಲೇರುತ್ತದೆ, ಪೂರ್ತಿ ತಣ್ಣಗಾದ ಹೊತ್ತು ಅವರ ನಡುರಾತ್ರಿ. 1990ರಲ್ಲಿ ಡ್ರೌಗಳ ಕಣ್ಣು ಕಾಣುತ್ತಿದ್ದದ್ದು ಶಾಖವನ್ನು, ಅಂದರೆ ಇನ್‌ಫ್ರಾವಿಷನ್. ಬೆಳಕೇ ಬೇಡದ ಊರಿಗೆ ಅದು ಹೇಳಿಮಾಡಿಸಿದ ಗಡಿಯಾರ. 2000ದ ಮೂರನೇ ಆವೃತ್ತಿ ಇನ್‌ಫ್ರಾವಿಷನ್ ತೆಗೆದು ಡಾರ್ಕ್‌ವಿಷನ್ ತಂದಿತು. ಅದರಲ್ಲಿ ಕತ್ತಲೆ ಬೂದುಬಣ್ಣದಲ್ಲಿ ಕಾಣುತ್ತದೆ, ಶಾಖ ಕಾಣುವುದಿಲ್ಲ. ಆ ನಿಯಮದಂತೆ ಬರೀ ಬಿಸಿಯಾದ ಕಂಬವನ್ನು ನೋಡಿ ಯಾರೂ ಹೊತ್ತು ಹೇಳಲಾರರು. ನೀವು ಅಲ್ಲಿಗೆ ಆಟಗಾರರನ್ನು ಕರೆದೊಯ್ದರೆ ಕಂಬ ಮಸುಕಾಗಿ ಬೆಳಗುತ್ತದೆ ಎಂದು ಹೇಳಿಬಿಡಿ. ಹೇಳದಿದ್ದರೆ ಕಾದಂಬರಿ ಓದಿದವರಿಗೆ ಒಂದು ಚಿತ್ರ, ಮಿಕ್ಕವರಿಗೆ ಇನ್ನೊಂದು.

ಬಿಸಿಲಿನ ವಿಷಯದಲ್ಲಿ 2014ರ ಪುಸ್ತಕ ಕಟ್ಟುನಿಟ್ಟು. ನೇರ ಬಿಸಿಲಿದ್ದರೆ ದಾಳಿಯ ರೋಲ್‌ಗಳಿಗೂ, ನೋಡಿ ಗುರುತಿಸುವ ಪರ್ಸೆಪ್ಶನ್ ರೋಲ್‌ಗಳಿಗೂ ಡಿಸ್‌ಅಡ್ವಾಂಟೇಜ್ (ಎರಡು ಸಲ ಉರುಳಿಸಿ ಚಿಕ್ಕದನ್ನು ಹಿಡಿಯುವುದು). ಬಿಸಿಲಲ್ಲಿ ನಿಂತಿರುವವರು ಡ್ರೌ ಆಗಿರಬೇಕಿಲ್ಲ ಎಂಬುದನ್ನು ಬಹಳ ಡಿಎಂಗಳು ಮರೆಯುತ್ತಾರೆ: ಡ್ರೌ ನೆರಳಲ್ಲಿದ್ದು ಗುರಿ ಬಿಸಿಲಲ್ಲಿದ್ದರೂ ನಿಯಮ ಅನ್ವಯಿಸುತ್ತದೆ. ದಟ್ಟ ಮೋಡ, ಕಾಡಿನ ಗಾಢ ನೆರಳು, ಕಟ್ಟಡದ ಒಳಗೆ ಇದ್ದಾಗ ಇಲ್ಲ. ಬಾಲ್ಡರ್ಸ್ ಗೇಟ್ 3ರಲ್ಲಿ ಈ ನಿಯಮ ಇಲ್ಲ, 2024ರ ಪ್ಲೇಯರ್ಸ್ ಹ್ಯಾಂಡ್‌ಬುಕ್‌ನಲ್ಲೂ ಇಲ್ಲ. ನಿಮ್ಮ ಆಟ ಹೆಚ್ಚಾಗಿ ನೆಲದ ಮೇಲೆ, ಹಗಲಿನಲ್ಲಿ ನಡೆಯುವುದಾದರೆ ಅದನ್ನು ಕೈಬಿಡಿ. ಇಬ್ಬರು ಆಟಗಾರರು ಪ್ರತಿ ಕಾಳಗದಲ್ಲೂ ಎರಡು ಡೈಸ್ ಉರುಳಿಸಿ ಚಿಕ್ಕದನ್ನು ತೆಗೆದುಕೊಳ್ಳುತ್ತಾ ಕೂತರೆ ಮೂರನೇ ವಾರಕ್ಕೆ ಪಾತ್ರ ಬದಲಿಸುತ್ತಾರೆ. ಕೈಬಿಟ್ಟರೆ ಶತ್ರು ಡ್ರೌಗಳಿಗೂ ಬಿಡಿ, ಅಥವಾ ಈಗಷ್ಟೇ ಮೇಲೆ ಬಂದವರಿಗೆ ಮಾತ್ರ ಎಂದು ಆಟಗಾರರಿಗೂ ಶತ್ರುಗಳಿಗೂ ಒಂದೇ ಅಳತೆ ಇಡಿ.

ಹಳೆಯ ಕಥೆಗಳಲ್ಲಿ ಬಿಸಿಲಿಗೆ ಡ್ರೌಗಳ ಆಯುಧ, ಕವಚಗಳೂ ಹಾಳಾಗುತ್ತಿದ್ದವು. ಕೊಂದ ಡ್ರೌಗಳ ಮಂತ್ರಾಯುಧಗಳನ್ನೆಲ್ಲ ಆಟಗಾರರು ಮೂಟೆ ಕಟ್ಟಿ ಮೇಲೆ ತರದಂತೆ ತಡೆಯಲು ಅದು ಚೆನ್ನಾಗಿ ಕೆಲಸ ಮಾಡುತ್ತಿತ್ತು. ಐದನೇ ಆವೃತ್ತಿಯಲ್ಲಿ ಅದರ ನೆರಳು ಉಳಿದಿರುವುದು ವಿಷದ ವಿವರದಲ್ಲಿ: ಡ್ರೌ ವಿಷವನ್ನು ತಯಾರಿಸುವುದು ಬಿಸಿಲಿನಿಂದ ದೂರದ ಜಾಗದಲ್ಲಿ ಮಾತ್ರ, ಒಂದು ಡೋಸ್‌ಗೆ 200 ಚಿನ್ನದ ನಾಣ್ಯ.

ಕಾಳಗದಲ್ಲಿ ಎರಡು ತಪ್ಪುಗಳು ಪದೇಪದೇ ಆಗುತ್ತವೆ. ಮೊದಲನೆಯದು ಡಾರ್ಕ್‌ನೆಸ್ ಮಂತ್ರ. ಅದು ಮಂತ್ರದ ಕತ್ತಲೆ. 120 ಅಡಿಯ ಡಾರ್ಕ್‌ವಿಷನ್ ಇದ್ದರೂ ಡ್ರೌ ತಾನೇ ಹರಡಿದ ಕತ್ತಲೆಯೊಳಗೆ ನೋಡಲಾರ. ಅದನ್ನು ನುಗ್ಗಲು ಬಳಸಿದರೆ ಇಬ್ಬರೂ ಕುರುಡರು. ಹಿಮ್ಮೆಟ್ಟಲು, ಎದುರಾಳಿಯ ಬಿಲ್ಲುಗಾರರ ದೃಷ್ಟಿ ಕಟ್ಟಲು ಬಳಸಿ. ಡಾರ್ಕ್‌ನೆಸ್, ಫೇರಿ ಫೈರ್, ಡ್ಯಾನ್ಸಿಂಗ್ ಲೈಟ್ಸ್ ಎಂಬ ಡ್ರೌಗಳ ಮೂರು ಮಂತ್ರಗಳಿಗೂ ಕಾನ್ಸಂಟ್ರೇಷನ್ (ಮಂತ್ರ ಉಳಿಸಿಕೊಳ್ಳುವ ಏಕಾಗ್ರತೆ) ಬೇಕು, ಹಾಗಾಗಿ ಒಬ್ಬ ಡ್ರೌ ಒಂದು ಹೊತ್ತಿಗೆ ಒಂದನ್ನೇ ಹಿಡಿದಿಡಬಲ್ಲ. ಗಸ್ತು ಪಡೆಯಲ್ಲಿ ಒಬ್ಬ ಫೇರಿ ಫೈರ್ ಹಾಕಿ ಗುರಿಗಳನ್ನು ಬೆಳಗಿಸಲಿ, ಮಿಕ್ಕವರು ಬಾಣ ಬಿಡಲಿ, ನಾಯಕ ಡಾರ್ಕ್‌ನೆಸ್ ಅನ್ನು ಓಡುವ ದಾರಿಗೆ ಉಳಿಸಿಕೊಳ್ಳಲಿ. 2014ರ ಶತ್ರು ವಿವರಗಳಲ್ಲಿ ಸಾಮಾನ್ಯ ಡ್ರೌಗೆ ಅಲ್ಲದಿದ್ದರೂ ಮೇಲ್ದರ್ಜೆಯ ಯೋಧ, ಮಾಂತ್ರಿಕ, ಅರ್ಚಕಿ ಡ್ರೌಗಳಿಗೆ ದಿನಕ್ಕೊಮ್ಮೆ ತಮ್ಮನ್ನು ಮಾತ್ರ ಮೇಲಕ್ಕೆ ತೇಲಿಸಿಕೊಳ್ಳುವ ಶಕ್ತಿ ಇದೆ. ಆಟಗಾರರ ಡ್ರೌಗೆ ಆ ಶಕ್ತಿ ಇಲ್ಲ. ಕಾದಂಬರಿ ಓದಿದವರು ಖಂಡಿತ ಕೇಳುತ್ತಾರೆ. ಮನೆತನದ ಲಾಂಛನದಲ್ಲಿ ಅಡಗಿದ ಶಕ್ತಿ ಅದು, ಬಿಟ್ಟು ಬಂದವರ ಬಳಿ ಲಾಂಛನ ಇಲ್ಲ ಎಂದರೆ ಚರಿತ್ರೆಗೂ ನಿಯಮಕ್ಕೂ ಹೊಂದುತ್ತದೆ.

ಎರಡನೆಯದು ವಿಷ. ವಿಷ ಹಚ್ಚಿದ ಬಾಣ ತಗುಲಿದವರು 13ರ ಕಾನ್‌ಸ್ಟಿಟ್ಯೂಷನ್ ಸೇವ್ ಮಾಡಬೇಕು, ಅಂದರೆ ದೇಹದ ತಾಳಿಕೆಯ ರೋಲ್‌ನಲ್ಲಿ 13 ಅಥವಾ ಹೆಚ್ಚು ತರಬೇಕು. ತಪ್ಪಿದರೆ ಒಂದು ಗಂಟೆ ವಿಷದ ಪರಿಣಾಮ. ಒಟ್ಟು 8 ಅಥವಾ ಅದಕ್ಕಿಂತ ಕಡಿಮೆ ಬಂದರೆ ಪ್ರಜ್ಞೆಯೂ ಹೋಗುತ್ತದೆ. ಪೆಟ್ಟು ಬಿದ್ದರೆ, ಅಥವಾ ಇನ್ನೊಬ್ಬರು ತಮ್ಮ ಆಕ್ಷನ್ ಖರ್ಚುಮಾಡಿ ಅಲುಗಾಡಿಸಿದರೆ ಎಚ್ಚರವಾಗುತ್ತದೆ. ಎಲ್ಫ್‌ಗಳಿಗೆ ನಿದ್ದೆ ಬರಿಸಲಾಗದು ಎಂದು ನಿಮ್ಮ ಡ್ರೌ ಆಟಗಾರರು ಫೇ ಆನ್ಸೆಸ್ಟ್ರಿ ಎಂಬ ತಮ್ಮ ಹುಟ್ಟುಗುಣವನ್ನು ತೋರಿಸುತ್ತಾರೆ. ಅದು ತಡೆಯುವುದು ಮಂತ್ರದ ನಿದ್ದೆಯನ್ನು ಮಾತ್ರ. ಈ ವಿಷ ಮಂತ್ರವಲ್ಲ, ಹಾಗಾಗಿ ಬೆನ್ನಟ್ಟಿ ಬಂದ ಮನೆತನದವರು ತಮ್ಮ ಓಡಿಹೋದ ಮಗನನ್ನು ಜೀವಂತ ಹಿಡಿಯಲು ಬಳಸುವುದೂ ಇದನ್ನೇ.